ಬಾಡಿಗೆ ಇಲ್ಲ, ಕಿರಿಕಿರಿ ಮಾಡಂಗಿಲ್ಲ

ನೆದರ್‌ಲ್ಯಾಂಡ್ಸ್‌ನ ಡೇವೆಂಟರ್‌ನಲ್ಲಿ ಓದುತ್ತಿದ್ದಾಗ ನಮ್ಮೆಲ್ಲರ ತಲೆನೋವು ಒಂದೇ, ರೂಮು. ಸಿಕ್ಕರೆ ಬಾಡಿಗೆ ಜಾಸ್ತಿ, ಬಾಡಿಗೆ ಕಡಿಮೆ ಅಂದ್ರೆ ಊರಾಚೆ. ಕ್ಲಾಸಿನ ಒಬ್ಬ ಡಚ್ ಹುಡುಗ ಮಾತ್ರ ಬಾಡಿಗೆಯ ಮಾತೇ ಎತ್ತುತ್ತಿರಲಿಲ್ಲ. ಎಲ್ಲಿರ್ತೀಯ ಮಾರಾಯ ಅಂತ ಕೇಳಿದರೆ ವೃದ್ಧಾಶ್ರಮದಲ್ಲಿ ಅಂದ. ಸುಮ್ನೆ ತಮಾಷೆ ಅಂದುಕೊಂಡೆ. ಒಂದು ಭಾನುವಾರ ಕರೆದುಕೊಂಡೇ ಹೋದ.

ಹ್ಯುಮಾನಿಟಾಸ್ ಅಂತ ಅದರ ಹೆಸರು. ಸುಮಾರು 160 ಹಿರಿಯರ ಜೊತೆ ಆರು ಜನ ಕಾಲೇಜು ಹುಡುಗ ಹುಡುಗಿಯರು. 2012ರ ಸುಮಾರಿಗೆ, ತೀರಾ ಆರೈಕೆ ಬೇಡದ ವೃದ್ಧರ ಖರ್ಚಿನಿಂದ ಸರ್ಕಾರ ಕೈ ಹಿಂದೆಗೆಯತೊಡಗಿತು. ಅದೇ ಹೊತ್ತಿಗೆ ಇಲ್ಲಿ ವಿದ್ಯಾರ್ಥಿಗಳಿಗೆ ಪುಕ್ಕಟೆ ರೂಮು ಕೊಡಲು ಶುರು ಮಾಡಿದರು. ಬದಲಿಗೆ ತಿಂಗಳಿಗೆ 30 ಗಂಟೆ ಒಳ್ಳೆಯ ನೆರೆಯವರಾಗಿರಬೇಕು. ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು ಇವರ ಕೆಲಸ ಅಲ್ಲ, ಅದಕ್ಕೆ ಸಿಬ್ಬಂದಿ ಇದ್ದಾರೆ. ಹಿರಿಯರಿಗೆ ಕಿರಿಕಿರಿ ಮಾಡಬಾರದು, ಅಷ್ಟೇ.

ನಾವು ಹೋದಾಗ ಒಂದು ಟೇಬಲ್ಲಿನಲ್ಲಿ ರಮ್ಮಿಕಬ್ ನಡೀತಿತ್ತು. ಇಸ್ಪೀಟಿನ ರಮ್ಮಿಯಂಥದ್ದೇ, ಎಲೆಗಳ ಬದಲು ಬಿಲ್ಲೆ. ಒಬ್ಬ ಅಜ್ಜಿ ಡೇವೆಂಟರ್‌ನ ಜೇನಿನ ಕೇಕ್ ಕೊಯ್ದು, ಮೇಲೆ ಬೆಣ್ಣೆ ದಪ್ಪಗೆ ಸವರಿ ನನ್ನ ಕೈಗಿಟ್ಟರು. ಆಮೇಲೆ ಇವನ ಕಡೆ ತಿರುಗಿ ಏನೋ ಕೇಳಿದರು. ಟೇಬಲ್ ಪೂರ್ತಿ ನಗು. ಇವನ ಮುಖ ಕೆಂಪು. ಶುಕ್ರವಾರ ನಡುರಾತ್ರಿ ಲಿಫ್ಟಿನಲ್ಲಿ ಬಂದ ಹುಡುಗಿ ಯಾರು ಅಂತ ವಿಚಾರಣೆ. ಕಿವಿ ಕೇಳಿಸಲ್ಲ ಅಂತ ಪ್ರತಿ ಆಟಕ್ಕೂ ಎರಡೆರಡು ಸಲ ಹೇಳಿಸಿಕೊಳ್ಳುತ್ತಿದ್ದ ಅಜ್ಜಿಗೆ ಲಿಫ್ಟಿನ ಸದ್ದು ಮಾತ್ರ ಸರಿಯಾಗಿ ಕೇಳಿತ್ತು ನೋಡಿ!

ಇವರಿಗೆ ಬೇಕಾಗಿದ್ದು ಇದೇ ಅನ್ನಿಸಿತು. ಮಂಡಿನೋವು, ಬಿಪಿ ಬಿಟ್ಟು ಮಾತಾಡೋಕೆ ಒಂದು ವಿಷಯ. ಸೇವೆ ಮಾಡ್ತೀವಿ ಅಂತ ಹೊರಟವರು ಬಂದಿದ್ದರೆ ಇಷ್ಟು ಮಜಾ ಇರುತ್ತಿರಲಿಲ್ಲ. ದಾವಣಗೆರೆಯಲ್ಲಿ ನಮ್ಮಜ್ಜಿ ಒಬ್ಬರೇ ಇದ್ದಾರೆ. ಮಹಡಿ ರೂಮಿಗೆ ಬೀಗ. ಕಾಲೇಜು ಹುಡುಗರು ಕೇಳಿಕೊಂಡು ಬರುತ್ತಲೇ ಇರುತ್ತಾರೆ. ಅಜ್ಜಿ ಹೂಂ ಅಂದರೂ, ಬ್ಯಾಚುಲರ್ಸಿಗೆ ಕೊಡಲ್ಲ ಅಂತ ಅಪ್ಪ ಫೋನಿನಲ್ಲೇ ವಾಪಸ್ ಕಳಿಸುತ್ತಾರೆ. ಅಜ್ಜಿಯ ಕ್ಷೇಮಕ್ಕಂತೆ.

ಹಾಗಂತ ಅಲ್ಲಿ ಎಲ್ಲ ನಗುವೇ ಅಲ್ಲ. ಅವನ ಪಕ್ಕದ ರೂಮಿನ ತಾತ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಅವರಿಗೆ ವಾಟ್ಸಾಪ್ ಕಲಿಸಿದ್ದು ಇವನೇ. ಇಪ್ಪತ್ತೊಂದರ ಹುಡುಗ, ಅಲ್ಲಿಯತನಕ ಒಂದು ಸಾವನ್ನೂ ಹತ್ತಿರದಿಂದ ನೋಡಿರಲಿಲ್ಲ. ಕಾಫಿ ಕುಡಿಯುತ್ತಾ, ಅಂತ್ಯಕ್ರಿಯೆಗೆ ಹೋಗಿದ್ದೂ 30 ಗಂಟೆಯ ಲೆಕ್ಕಕ್ಕೆ ಬರುತ್ತಾ ಅಂತ ಕೇಳಿಬಿಟ್ಟೆ.

"ಅದನ್ನ ಬರೆಯಲಿಲ್ಲ" ಅಂದ. "ವಾಟ್ಸಾಪ್ ಕಲಿಸಿದ್ದು ಬರೆದಿದ್ದೆ. ತುಂಬಾ ಗಂಟೆ ಹಿಡೀತು."