ಕಾರವಾರ, ಗೋಕರ್ಣ ಕಡೆ ಹೊರಟವರಿಗೆ ವೈಟ್ ವೈನ್: ಸಾವಿರದ ಬಾಟಲಿ ಸಾಕು, ಐಸ್ ಬಾಕ್ಸ್ ಬಿಡಬೇಡಿ

ಕರಾವಳಿಯ ಊರುಗಳಲ್ಲಿ ‘ವೈನ್ಸ್’ ಎಂದು ಬೋರ್ಡು ಹಾಕಿದ ಅಂಗಡಿಗೆ ಹೋಗಿ ವೈನ್ ಕೇಳಿ ನೋಡಿ. ವಿಸ್ಕಿ, ಬ್ರಾಂದಿ ಸಾಲಿನ ಹಿಂದಿನಿಂದ ಒಂದೆರಡು ಬಾಟಲಿ ಈಚೆ ಬರುತ್ತವೆ, ಮೈತುಂಬ ಧೂಳು. ಅದರಲ್ಲೊಂದು ಸಿಹಿ ಪೋರ್ಟ್ ವೈನ್ ಆಗಿರುವುದೇ ಹೆಚ್ಚು. ವೈಟ್ ವೈನ್ ಸಿಕ್ಕರೂ ಅದು ಆ ಶೆಲ್ಫಿನಲ್ಲಿ 30 ಡಿಗ್ರಿ ದಾಟಿದ ಸೆಖೆಯಲ್ಲಿ ಎಷ್ಟು ತಿಂಗಳು ಬೆಂದಿದೆಯೋ ಹೇಳಲಾಗದು. ಈ ಕಡೆ ವೈಟ್ ವೈನ್ ಕೆಡುವುದು ಕಡಿಮೆ ಬೆಲೆಯಿಂದಲ್ಲ, ಬಿಸಿಯಿಂದ. ಇತ್ತೀಚಿನ ಕೊಯ್ಲಿನ, ತಣ್ಣಗಿರುವ ಸಾವಿರ ರೂಪಾಯಿಯ ಬಾಟಲಿಯ ಮುಂದೆ ಕಾರಿನ ಡಿಕ್ಕಿಯಲ್ಲಿ ಕಾದ ಮೂರು ಸಾವಿರದ ಬಾಟಲಿ ನಿಲ್ಲುವುದಿಲ್ಲ.

ಹಾಗಾಗಿ ಖರೀದಿಯನ್ನು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಎ.ಸಿ. ಇರುವ ದೊಡ್ಡ ಅಂಗಡಿಯಲ್ಲಿ ಮುಗಿಸಿಕೊಂಡು ಹೊರಡುವುದು ಲೇಸು. ಬಿಲ್ ಜೊತೆಗಿರಲಿ. ಕಾರವಾರದಿಂದ ಗೋವಾ ಗಡಿ ಹತ್ತಿರ, ಅಲ್ಲಿ ಅಗ್ಗ ಎಂಬ ಲೆಕ್ಕಾಚಾರ ಬೇಡ. ಗೋವಾದ ಬಾಟಲಿಯನ್ನು ಈಚೆ ತಂದರೆ ಅಬಕಾರಿ ಕೇಸು. ಗಡಿಯ ಮಾಜಾಳಿಯಲ್ಲಿ ತನಿಖಾ ಠಾಣೆ ಇದೆ, ಗಾಡಿ ನಿಲ್ಲಿಸಿ ನೋಡುತ್ತಾರೆ. ಗೋವಾದ್ದನ್ನು ಗೋವಾದಲ್ಲೇ ಕುಡಿದು ಬರುತ್ತೇವೆ ಎನ್ನುವವರು ಕುಡಿಯದ ಡ್ರೈವರನ್ನು ಜೊತೆಗಿಟ್ಟುಕೊಳ್ಳಿ. 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು, ಎರಡು ಗ್ಲಾಸಿಗೇ ಆ ಮಿತಿ ಮುಟ್ಟಬಹುದು.

ಲೇಬಲ್ಲಿನಲ್ಲಿ ಮೊದಲು ನೋಡಬೇಕಾದ್ದು ದ್ರಾಕ್ಷಿ ಕೊಯ್ದ ವರ್ಷ. ನಮ್ಮಲ್ಲಿ ದ್ರಾಕ್ಷಿ ಕೊಯ್ಲು ಹೆಚ್ಚುಕಡಿಮೆ ಜನವರಿಯಿಂದ ಮಾರ್ಚ್‌ವರೆಗೆ. ಕಡಿಮೆ ಬೆಲೆಯ ವೈಟ್ ವೈನ್ ಇಟ್ಟು ಹಳತು ಮಾಡುವ ಸರಕಲ್ಲ, ಒಂದೆರಡು ವರ್ಷದೊಳಗೆ ಕುಡಿದು ಮುಗಿಸುವಂಥದ್ದು. ಇದೇ ವರ್ಷದ್ದು ಅಥವಾ ಹಿಂದಿನ ವರ್ಷದ್ದು ಇದ್ದರೆ ಕೊಳ್ಳಿ, ಮೂರು ವರ್ಷ ದಾಟಿದ್ದರೆ ರಿಯಾಯಿತಿ ಕೊಟ್ಟರೂ ಬಿಡಿ. ವರ್ಷ ಹಾಕಿಲ್ಲವಾದರೆ ಹಿಂಬದಿಯಲ್ಲಿ ಬಾಟಲಿಗೆ ತುಂಬಿದ ತಿಂಗಳು ನೋಡಿ. ಬಿರಡೆಗಿಂತ ತಿರುಗಿಸುವ ಮುಚ್ಚಳ ಒಳ್ಳೆಯದು: ಒದ್ದೆ ರಟ್ಟಿನ ವಾಸನೆ ಬರುವ ಬಿರಡೆಯ ದೋಷ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಹೋಮ್‌ಸ್ಟೇಯಲ್ಲಿ ಓಪನರ್ ಹುಡುಕುವ ಪರದಾಟವೂ ಇಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ಎಳೆ ಹುಲ್ಲಿನ ಛಾಯೆಯ ತಿಳಿ ಹಳದಿ ಸರಿ. ಕಡು ಬಂಗಾರ ಬಣ್ಣಕ್ಕೆ ತಿರುಗಿದ್ದರೆ, ಮುಚ್ಚಳದ ಕೆಳಗೆ ಅಂಟಂಟು ಸೋರಿಕೆ ಇದ್ದರೆ ವಾಪಸ್ ಇಡಿ. ತಳದಲ್ಲಿ ಸಕ್ಕರೆಯಂಥ ಸಣ್ಣ ಹರಳು ಕಂಡರೆ ಗಾಬರಿ ಬೇಡ, ಅದು ಚಳಿಗೆ ಹರಳುಗಟ್ಟಿದ ಟಾರ್ಟಾರಿಕ್ ಆಮ್ಲದ ಲವಣ.

ಯಾವುದು ಕೊಳ್ಳಬೇಕು? ನಾಸಿಕದ ಸುಲಾ ಕಂಪನಿಯ ಸೋವಿನ್ಯೋಂ ಬ್ಲಾಂಕ್ ಮತ್ತು ಶೆನಿನ್ ಬ್ಲಾಂಕ್, ಸೊಲ್ಲಾಪುರ ಜಿಲ್ಲೆ ಅಕ್ಲೂಜಿನ ಫ್ರಾಟೆಲ್ಲಿ, ದೊಡ್ಡಬಳ್ಳಾಪುರದ ಬಳಿಯ ಗ್ರೋವರ್ ಜಾಂಪಾದ ಸೋವಿನ್ಯೋಂ ಮತ್ತು ವಿಯೋನ್ಯೇ: ಈ ಬೆಲೆಗೆ ಇವೇ ಭರವಸೆಯವು (ಸೋವಿನ್ಯೋಂ, ಶೆನಿನ್, ವಿಯೋನ್ಯೇ ದ್ರಾಕ್ಷಿ ತಳಿಗಳ ಹೆಸರು). ಹಂಪಿ ಕಡೆಯ ಕೃಷ್ಮಾ ಚೆನ್ನಾಗಿದೆ, ಬೆಲೆ ಮಾತ್ರ ಮೇಲಿನ ಮೆಟ್ಟಿಲು. ಆಮದು ವೈನ್ ಬಗ್ಗೆ ನಮ್ಮ ಮತ ಸ್ವಲ್ಪ ಖಾರವೇ. ತೆರಿಗೆ, ಸುಂಕ ಸೇರಿ ಒಂದೂವರೆ ಸಾವಿರಕ್ಕೆ ಬರುವ ವಿದೇಶಿ ಬಾಟಲಿಯೊಳಗೆ ಅದರ ಊರಿನಲ್ಲಿ ತೀರ ಮಾಮೂಲಿ ಎನಿಸಿಕೊಂಡ ವೈನೇ ಇರುತ್ತದೆ. ಅದೇ ದುಡ್ಡಿಗೆ ದೇಶಿ ಬಾಟಲಿ ಹೆಚ್ಚು ಕೊಡುತ್ತದೆ.

ಸಾಗಿಸುವಾಗ ಐಸ್ ಬಾಕ್ಸ್ ಕಡ್ಡಾಯ. ಬಿಸಿಲಲ್ಲಿ ನಿಂತ ಕಾರಿನೊಳಗೆ 50 ಡಿಗ್ರಿ ಏರುವುದು ದೊಡ್ಡ ಮಾತಲ್ಲ, ಯಲ್ಲಾಪುರದಲ್ಲಿ ಊಟಕ್ಕೆ ನಿಲ್ಲಿಸಿದಾಗಲೂ ಬಾಟಲಿ ಕಾಯುತ್ತದೆ; ಆ ಬಿಸಿಯಲ್ಲೇ ಉಳಿದರೆ ವೈನಿನ ಹಣ್ಣಿನ ಘಮ ಹೋಗಿ ಬೆಂದ ಸೇಬಿನ ವಾಸನೆ ಬರತೊಡಗುತ್ತದೆ. ಒಂದು ಲೀಟರಿನ ನೀರಿನ ಬಾಟಲಿ ಎರಡನ್ನು ಹಿಂದಿನ ರಾತ್ರಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ನಡುವೆ ವೈನ್ ಇಟ್ಟು, ಸಂದಿಗೆ ಟವೆಲ್ ತುರುಕಿದರೆ ಅರಬೈಲು ಘಾಟಿಯ ತಿರುವುಗಳಲ್ಲೂ ಬಾಟಲಿ ಅಲುಗದು.

ತಲುಪಿದ ಮೇಲೆ ತಣಿಸುವ ಕೆಲಸ. ಫ್ರಿಜ್‌ನಲ್ಲಿ ಎರಡೂವರೆ ತಾಸು ಬೇಕು. ಹೋಮ್‌ಸ್ಟೇ ಫ್ರಿಜ್ಜಿನಲ್ಲಿ ಜಾಗವೂ ಇರುವುದಿಲ್ಲ, ಬಾಗಿಲು ತೆರೆದು ಮುಚ್ಚಿ ತಣ್ಣಗೂ ಇರುವುದಿಲ್ಲ. ಸುಲಭ ದಾರಿ ಬಕೆಟ್. ಬೈತಖೋಲ, ತದಡಿಯಂಥ ಮೀನುಗಾರಿಕೆ ಬಂದರಿನ ಆಸುಪಾಸಿನಲ್ಲಿ ಐಸ್ ಸಿಗುತ್ತದೆ. ಎರಡು ಬಾಟಲಿಗೆ 3 ಕಿಲೋ ಒಡೆದ ಐಸ್, 2 ಲೀಟರ್ ನೀರು, ಎರಡು ಮುಷ್ಟಿ ಕಲ್ಲುಪ್ಪು. ನೀರಿಲ್ಲದೆ ಬರೀ ಐಸ್ ಹಾಕುವವರೇ ಜಾಸ್ತಿ. ಐಸ್ ತುಂಡುಗಳ ನಡುವೆ ಗಾಳಿ ಉಳಿದು ಬಾಟಲಿಗೆ ಚಳಿ ತಾಗುವುದಿಲ್ಲ. ನೀರಿದ್ದರೆ ಕುತ್ತಿಗೆಯವರೆಗೂ ಆವರಿಸುತ್ತದೆ, ಉಪ್ಪು ನೀರನ್ನು ಸೊನ್ನೆಗಿಂತ ಕೆಳಗೆ ಇಳಿಸುತ್ತದೆ. 20 ನಿಮಿಷಕ್ಕೆ ಬಾಟಲಿ 8–10 ಡಿಗ್ರಿಗೆ ಬರುತ್ತದೆ. ಮೀನಿನ ಐಸ್ ಆದ್ದರಿಂದ ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಡಿ, ಗ್ಲಾಸಿಗಂತೂ ಅದನ್ನು ಹಾಕಲೇಬೇಡಿ. ತುರ್ತಿಗೆಂದು ಫ್ರೀಜರಿನಲ್ಲಿ ಇಟ್ಟು ಮರೆತರೆ ವೈನ್ ಹೆಪ್ಪುಗಟ್ಟಿ ಹಿಗ್ಗಿ ಮುಚ್ಚಳ ಕಿತ್ತುಬರುತ್ತದೆ.

ಗ್ಲಾಸ್ ಮನೆಯಿಂದಲೇ ಒಯ್ಯಿರಿ, ಬಾಯಿ ಒಳಕ್ಕೆ ಬಾಗಿದ ಕಾಲಿನ ಗ್ಲಾಸ್. ಸ್ಟೀಲ್ ಲೋಟದಲ್ಲಿ ಮೂಗಿಗೆ ಏನೂ ಸಿಗದು. ಕೂರುವ ಜಾಗದಲ್ಲಿ ಸೊಳ್ಳೆಬತ್ತಿ, ಊದುಬತ್ತಿ ಬೇಡ. ಹತ್ತಿರ ಒಣಮೀನು ಹರವಿದ್ದರೆ ಗಾಳಿ ಬೀಸುವ ದಿಕ್ಕು ನೋಡಿ ಕುರ್ಚಿ ಹಾಕಿ. ಒಬ್ಬರಿಗೆ 60 ಮಿ.ಲೀ. ಸುರಿದು, ಗ್ಲಾಸ್ ಆಡಿಸದೆ ಒಮ್ಮೆ, ಆಡಿಸಿ ಒಮ್ಮೆ ಮೂಸಿ. ಸೋವಿನ್ಯೋಂನಲ್ಲಿ ದೊಣ್ಣೆಮೆಣಸು, ಕೊಯ್ದ ಹುಲ್ಲು, ನಿಂಬೆಸಿಪ್ಪೆ. ಶೆನಿನ್‌ನಲ್ಲಿ ಪೇರಳೆ, ಜೇನು. ವಿಯೋನ್ಯೇಯಲ್ಲಿ ಹೂವಿನ ಘಮ ಮುಂದು, ಸಂಪಿಗೆ ನೆನಪಾದರೆ ಆಶ್ಚರ್ಯವಿಲ್ಲ. ಗುಟುಕನ್ನು ಐದಾರು ಸೆಕೆಂಡು ಬಾಯಲ್ಲಿ ಹೊರಳಿಸಿ ನುಂಗಿ. ದವಡೆಯ ಬದಿಯಿಂದ ನೀರೂರಿದರೆ ಹುಳಿ ಜೀವಂತವಾಗಿದೆ ಎಂದರ್ಥ. ನಾಲಿಗೆ ಸಪ್ಪೆಯಾಗಿ ಸುಮ್ಮನಿದ್ದರೆ ವೈನ್ ಸುಸ್ತಾಗಿದೆ, ಇಲ್ಲವೇ ಬೆಚ್ಚಗಾಗಿದೆ. ಮತ್ತೆ 5 ನಿಮಿಷ ಬಕೆಟ್ಟಿಗಿಟ್ಟು ನೋಡಿ ಆಮೇಲೆ ತೀರ್ಮಾನಿಸಿ. ಮೊದಲು ಸೋವಿನ್ಯೋಂ, ಆಮೇಲೆ ವಿಯೋನ್ಯೇ, ಕೊನೆಗೆ ತುಸು ಸಿಹಿಯ ಶೆನಿನ್. ಸಿಹಿ ಮೊದಲಾದರೆ ಮುಂದಿನದು ಬರೀ ಹುಳಿ ಎನಿಸುತ್ತದೆ. ಈ ಸೆಖೆಗೆ ಗ್ಲಾಸ್ ತುಂಬಿಸಬೇಡಿ, 75 ಮಿ.ಲೀ.ಯಂತೆ ಸುರಿದುಕೊಂಡು ಬಾಟಲಿಯನ್ನು ಬಕೆಟ್ಟಿಗೇ ವಾಪಸ್ ಇಡಿ.

ಈ ಕರಾವಳಿಯಲ್ಲಿ ವೈಟ್ ವೈನ್‌ಗೆ ಹೇಳಿ ಮಾಡಿಸಿದ್ದು ಹುರಿದ ಮೀನು. ನೊಗ್ಲಿ (ಕಾಣೆ ಮೀನು) ರವಾ ಫ್ರೈಯ ಎಣ್ಣೆಯನ್ನು ಸೋವಿನ್ಯೋಂನ ಹುಳಿ ಕತ್ತರಿಸಿ ಹಾಕುತ್ತದೆ; ನಿಂಬೆ ಹಿಂಡುವುದೂ ಅದಕ್ಕೇ ಅಲ್ಲವೇ. ಇಸ್ವಾಣ (ಅಂಜಲ್ ಮೀನು) ತವಾ ಫ್ರೈಗೆ ಕೆಂಪು ಮಸಾಲೆ ದಪ್ಪಗೆ ಮೆತ್ತಿದ್ದರೆ ಲೆಕ್ಕ ಬೇರೆ. ಆಲ್ಕೋಹಾಲ್ ಮೆಣಸಿನ ಉರಿಯನ್ನು ಹೆಚ್ಚಿಸುತ್ತದೆ, ಅಲ್ಲಿಗೆ ತುಸು ಸಿಹಿ ಉಳಿದ ಶೆನಿನ್, ಇನ್ನೂ ತಣ್ಣಗೆ. ತೆಂಗಿನತುರಿ ಹಾಕಿದ ಬಳಚಿನ (ಚಿಪ್ಪುಮೀನು) ಸುಕ್ಕಕ್ಕೂ ಶೆನಿನ್ ಚೆನ್ನ. ಮುರುಗಲು (ಕೋಕಂ) ಹುಳಿಯ, ನಾಲಿಗೆ ಜುಮ್ಮೆನಿಸುವ ಕಾಡು ಮಸಾಲೆ ಜುಮ್ಮನಕಾಯಿ ಹಾಕಿದ ಬಂಗಡೆ ಸಾರಿನ ಮುಂದೆ ಯಾವ ವೈನೂ ಬಾಯಿ ಬಿಡುವುದಿಲ್ಲ. ಅದನ್ನು ಅನ್ನದ ಜೊತೆ ಉಣ್ಣಿ, ವೈನ್ ಮುಗಿದ ಮೇಲೆ. ಇಶಾಡ ಮಾವಿನ ಕಾಲದಲ್ಲಿ ಹೋದವರು ಹಣ್ಣನ್ನೂ ಸಿಹಿಯಿಲ್ಲದ ‘ಡ್ರೈ’ ವೈನನ್ನೂ ಒಟ್ಟಿಗೆ ಇಡಬೇಡಿ: ಹಣ್ಣು ವೈನಿಗಿಂತ ಸಿಹಿಯಾದರೆ ವೈನ್ ಹುಳಿಹುಳಿ.

ಶಿರಸಿಗೆ ಹತ್ತುವವರಿಗೆ ಒಂದು ಮಾತು. ಅಲ್ಲಿಯ ಸಸ್ಯಾಹಾರಿ ಮನೆಗಳ ಹೋಮ್‌ಸ್ಟೇಗಳಲ್ಲಿ ಕೇಳದೆ ಬಾಟಲಿ ತೆಗೆಯಬಾರದು; ಬೇಡವೆಂದರೆ ಅಲ್ಲಿಗೆ ಮುಗಿಯಿತು. ಗೋಕರ್ಣವೂ ಕ್ಷೇತ್ರವೇ, ಕಡಲತೀರದಲ್ಲಿ ಕುಡಿದರೆ ಪೊಲೀಸರು ಬಿಡುವುದಿಲ್ಲ, ಮರಳಲ್ಲಿ ಒಡೆದ ಗಾಜು ಯಾರ ಕಾಲಿಗೋ. ಅನುಮತಿ ಇರುವ ಕಡೆ ಹಲಸಿನ ಹಪ್ಪಳ, ಹುರಿದ ಗೇರುಬೀಜ ಸಾಕು. ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ದೂರ ಇಡಿ. ಹೋಗುವ ಕಾಲ ನವೆಂಬರ್‌ನಿಂದ ಫೆಬ್ರುವರಿ. ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ನಿಷೇಧವಿದ್ದು ತಾಜಾ ಮೀನು ಕಡಿಮೆ. ಗಾಂಧಿ ಜಯಂತಿಯಂದು, ಮತದಾನ ಮುಗಿಯುವ ಮುಂಚಿನ 48 ತಾಸು ಅಂಗಡಿ ಬಂದ್.

ತೆರೆದ ಬಾಟಲಿಯನ್ನು ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಅಡ್ಡಿಯಿಲ್ಲ. ತಳದಲ್ಲಿ 100 ಮಿ.ಲೀ. ಮಿಕ್ಕಿದ್ದರೆ ಅಘನಾಶಿನಿಯ ಬಳಚು ಒಂದು ಕಿಲೋ ತಂದು, ಉಪ್ಪುನೀರಿನಲ್ಲಿ ಎರಡು ತಾಸು ಬಿಟ್ಟು ಮರಳು ಕಕ್ಕಿಸಿ, ಬಾಯಿ ಮುಚ್ಚದ ಚಿಪ್ಪು ತೆಗೆದುಹಾಕಿ. ಎಣ್ಣೆಯಲ್ಲಿ ಆರೆಂಟು ಎಸಳು ಬೆಳ್ಳುಳ್ಳಿ ಬಾಡಿಸಿ, ಬಳಚು ಮತ್ತು ವೈನ್ ಹಾಕಿ ಮುಚ್ಚಿಡಿ. ದೊಡ್ಡ ಉರಿಯಲ್ಲಿ ಐದು ನಿಮಿಷಕ್ಕೆ ಚಿಪ್ಪು ತೆರೆಯುತ್ತವೆ. ತೆರೆಯದವನ್ನು ಎಸೆಯಿರಿ. ಉಪ್ಪು ಹಾಕಬೇಡಿ, ಬಳಚಿನ ನೀರಲ್ಲೇ ಇದೆ.