ನಗಬೇಕಾಗಿರೋದು ಯಾವಾಗ?

"ಅಮ್ಮಾ, ನಗಬೇಕಾಗಿರೋದು ಬಿಚ್ಚೋಕೆ ಮುಂಚೆನಾ, ಬಿಚ್ಚಿದ ಮೇಲಾ?"

ಕ್ರಿಸ್ಮಸ್ ಬೆಳಿಗ್ಗೆ ಅಕ್ಕನ ಮಗಳು ಕೇಳಿದ್ದು ಇದು. ಏಳು ವರ್ಷದ ಹುಡುಗಿ. ತಮಾಷೆಗೆ ಕೇಳಿದ್ದಲ್ಲ. ಪರೀಕ್ಷೆಯಲ್ಲಿ ಹೆಸರು ಮೇಲೆ ಬರೆಯಬೇಕಾ ಕೆಳಗೆ ಬರೆಯಬೇಕಾ ಅಂತ ಟೀಚರನ್ನು ಕೇಳುವ ಧಾಟಿಯಲ್ಲೇ ಕೇಳಿದಳು. ತೊಡೆಯ ಮೇಲೆ ದೊಡ್ಡ ಕೆಂಪು ಪೊಟ್ಟಣ, ಎದುರಿಗೆ ಸಾಲಾಗಿ ಫೋನುಗಳು. ಎಲ್ಲರೂ ಗೊಳ್ಳೆಂದು ನಕ್ಕೆವು. ಭಾವನ ತಂಗಿ "ಅಯ್ಯೋ ಎಷ್ಟು ಕ್ಯೂಟ್!" ಅಂದರು. ಅಕ್ಕ "ಎರಡೂ ಸಲ ನಗು ಪುಟ್ಟಾ" ಅಂದಳು. ಅವಳು ಎರಡೂ ಸಲ ನಕ್ಕಳು. ಅಲ್ಲಿಗೆ ಅದು ಮುಗಿಯಬೇಕಿತ್ತು. ನನಗೆ ಮಾತ್ರ ಈ ವಾರವಿಡೀ ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ಮಲಗುವ ಮುಂಚೆ ಅದೇ ಮಾತು ಕೇಳಿಸುತ್ತಿದೆ.

ಇದರ ಹಿಂದಿನ ರಾತ್ರಿ ಮನೆಯಲ್ಲಿ ಬೇರೆಯದೇ ಜಗಳ ನಡೆದಿತ್ತು. ಮಕ್ಕಳ ಗಿಫ್ಟನ್ನು ಪ್ಯಾಕ್ ಮಾಡಬೇಕಾ ಬೇಡವಾ ಅಂತ. ಅಕ್ಕ ನೆಲದ ಮೇಲೆ ಬಣ್ಣದ ಕಾಗದ ಹರಡಿಕೊಂಡು ಕೂತಿದ್ದಳು. ಅವಳ ಕೈಗೆ ಕಾಗದ ಕೊಟ್ಟರೆ ಸಾಕು, ಅಂಚನ್ನು ಒಳಗೆ ಮಡಚಿ, ಮೂಲೆಗಳನ್ನು ತ್ರಿಕೋನ ಮಾಡಿ, ಟೇಪು ಕಾಣದ ಹಾಗೆ ಅಂಟಿಸಿ, ರಿಬ್ಬನ್ನನ್ನು ಕತ್ತರಿಯ ಅಲಗಿನ ಮೇಲೆ ಎಳೆದು ಗುಂಗುರು ಬರಿಸುತ್ತಾಳೆ. ಭಾವ ಸೋಫಾದ ಮೇಲೆ ಮಲಗಿಕೊಂಡೇ, "ಎರಡು ನಿಮಿಷದಲ್ಲಿ ಹರಿದು ಬಿಸಾಕ್ತಾರೆ. ಇಷ್ಟೆಲ್ಲ ಯಾಕೆ? ಹಾಗೇ ಮರದ ಕೆಳಗಿಟ್ಟರೆ ಆಗಲ್ವಾ?" ಅಂದರು. ಭಾವ ಒಳ್ಳೆಯವರೇ. ಆದರೆ ತಾವು ಮಾಡಬೇಕಿಲ್ಲದ ಕೆಲಸದ ಬಗ್ಗೆ ಅವರಿಗೆ ಅಭಿಪ್ರಾಯ ಸ್ವಲ್ಪ ಜಾಸ್ತಿ. ಅಕ್ಕ ತಲೆ ಎತ್ತದೆ, "ಪ್ಯಾಕ್ ಮಾಡದೆ ಕೊಟ್ಟರೆ ಅದು ಗಿಫ್ಟ್ ಅಲ್ಲ ಕಣ್ರೀ, ಸಾಮಾನು" ಅಂದಳು.

ನಾನು ಅಕ್ಕನ ಕಡೆ. ನನ್ನ ಕೈಗೆ ಮಾತ್ರ ಈ ಕೆಲಸ ಒಗ್ಗುವುದಿಲ್ಲ. ಕಾಗದ ಯಾವಾಗಲೂ ಒಂದು ಬೆರಳು ಕಮ್ಮಿ ಬೀಳುತ್ತದೆ. ಆ ಸಂದಿಗೊಂದು ತೇಪೆ ಹಚ್ಚಬೇಕು. ಟೇಪಿನ ತುದಿ ಸುರುಳಿಗೇ ಅಂಟಿಕೊಂಡು ಕಳೆದುಹೋಗುತ್ತದೆ, ಉಗುರಿನಲ್ಲಿ ಕೆರೆಯುತ್ತಾ ಸುತ್ತು ಹಾಕಬೇಕು. ಸಿಕ್ಕರೂ ಅರ್ಧ ಅಗಲ ಮಾತ್ರ ಸೀಳಿಕೊಂಡು ಬರುತ್ತದೆ. ಡಬ್ಬಿಯಾದರೆ ಹೇಗೋ ಆಗುತ್ತದೆ, ಮೃದು ಗೊಂಬೆಯನ್ನು ಸುತ್ತಿದರೆ ಆಸ್ಪತ್ರೆಯಿಂದ ಬಂದ ರೋಗಿಯೇ.

ಸಮಾಧಾನಕ್ಕೆ ಒಂದು ಸಂಗತಿ ಇದೆ. ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದ ಸಂಶೋಧಕರು ಬಾಸ್ಕೆಟ್‌ಬಾಲ್ ತಂಡಗಳ ಹೆಸರಿರುವ ಮಗ್ಗುಗಳನ್ನು ಕೆಲವರಿಗೆ ನೀಟಾಗಿ, ಕೆಲವರಿಗೆ ಅಡ್ಡಾದಿಡ್ಡಿಯಾಗಿ ಸುತ್ತಿ ಕೊಟ್ಟು ನೋಡಿದ್ದರು. ಅಡ್ಡಾದಿಡ್ಡಿ ಪೊಟ್ಟಣ ಸಿಕ್ಕವರಿಗೇ ಮಗ್ಗು ಹೆಚ್ಚು ಇಷ್ಟವಾಗಿತ್ತು. ಹೊರಗೆ ಚೆಂದ ಇದ್ದಷ್ಟೂ ಒಳಗೆ ಇನ್ನೂ ಚೆಂದದ್ದು ಇರಬೇಕು ಅಂತ ಮನಸ್ಸು ಲೆಕ್ಕ ಹಾಕುತ್ತದಂತೆ. ಇದು ಸ್ನೇಹಿತರ ನಡುವೆ ಮಾತ್ರ, ಅಷ್ಟು ಪರಿಚಯ ಇಲ್ಲದವರಿಗೆ ಕೊಡುವಾಗ ನೀಟಾಗೇ ಇರಬೇಕು. ಅಕ್ಕನಿಗೆ ಹೇಳಿದೆ. "ಕೆಲಸ ಬರದವರೇ ಇಂಥದ್ದನ್ನೆಲ್ಲ ಹುಡುಕಿಕೊಂಡು ಓದೋದು" ಅಂದಳು.

"ಹಿಂದಿನಿಂದ ಬಂದದ್ದನ್ನ ಬಿಡೋಕಾಗುತ್ತಾ?" ಅಂತಲೂ ಅಂದಳು. ನಿಜ ಹೇಳಬೇಕೆಂದರೆ ಈ ಚಿತ್ತಾರದ ಕಾಗದಕ್ಕೆ ಅಂಥ ವಯಸ್ಸೇನೂ ಆಗಿಲ್ಲ. 1917ರ ಕ್ರಿಸ್ಮಸ್ ಹೊತ್ತಿಗೆ ಅಮೆರಿಕದ ಕಾನ್ಸಾಸ್ ಸಿಟಿಯ ಹಾಲ್ ಸೋದರರ ಅಂಗಡಿಯಲ್ಲಿ ಗಿಫ್ಟ್ ಸುತ್ತುವ ಟಿಶ್ಯೂ ಕಾಗದ ಖಾಲಿಯಾಯಿತು. ಲಕೋಟೆಯ ಒಳಗೆ ಅಂಟಿಸಲು ಫ್ರಾನ್ಸಿನಿಂದ ತರಿಸಿದ್ದ ಬಣ್ಣದ ಹಾಳೆಗಳನ್ನೇ ಅದರ ಜಾಗದಲ್ಲಿಟ್ಟರು. ಬೇಗ ಬೇಗ ಮಾರಿಹೋದವು. ಮುಂದೆ ಹಾಲ್‌ಮಾರ್ಕ್ ಅನ್ನುವ ಶುಭಾಶಯ ಪತ್ರಗಳ ಕಂಪನಿ ಆದದ್ದು ಅದೇ ಅಂಗಡಿ. ನಾವು ಉಪಯೋಗಿಸುವ ಪಾರದರ್ಶಕ ಸೆಲ್ಲೋಟೇಪು ಬಂದದ್ದಂತೂ 1930ರಲ್ಲಿ. ಅದಕ್ಕೂ ಮೊದಲು ದಾರವೋ ಅರಗೋ. ನನ್ನಂಥವರ ಗತಿ ಏನಾಗುತ್ತಿತ್ತೋ.

ಭಾವ ಹೇಳಿದ್ದರಲ್ಲಿ ಹುರುಳಿಲ್ಲ ಅಂತಲ್ಲ. ಮಿರಿಮಿರಿ ಮಿಂಚುವ ಕಾಗದ, ಮಿನುಗು ಪುಡಿ ಹಾಕಿದ ಕಾಗದ ಮರುಬಳಕೆಗೆ ಹೋಗುವುದಿಲ್ಲ. ಮುಷ್ಟಿಯಲ್ಲಿ ಹಿಂಡಿ ಬಿಟ್ಟು ನೋಡಬೇಕು. ಮುದ್ದೆಯಾಗಿಯೇ ಉಳಿದರೆ ಬರೀ ಕಾಗದ, ಮತ್ತೆ ಅರಳಿಕೊಂಡರೆ ಪ್ಲಾಸ್ಟಿಕ್ ಇದೆ ಅಂತ ಅರ್ಥ. ಒಂದೂವರೆ ವರ್ಷದ ಕೂಸಿಗೆ ಗಿಫ್ಟಿಗಿಂತ ಕಾಗದದ ಸರಸರ ಸದ್ದೇ ದೊಡ್ಡದು. ಅಕ್ಕನ ಚಿಕ್ಕ ಮಗ ಆ ದಿನವೆಲ್ಲ ಆಡಿದ್ದು ಕಾಗದ ಸುತ್ತಿ ಬಂದ ರಟ್ಟಿನ ಕೊಳವೆಯ ಜೊತೆ. ಸೈಕಲ್ಲನ್ನು ಏನು ಸುತ್ತಿದರೂ ಅದು ಸೈಕಲ್ಲೇ, ಯಾರಿಗೆ ಗೊತ್ತಾಗಲ್ಲ? ಸಾಂತಾ ತಂದದ್ದು ಅನ್ನುವ ಗಿಫ್ಟನ್ನು ಎಷ್ಟೋ ಮನೆಗಳಲ್ಲಿ ಸುತ್ತದೆಯೇ ಇಡುತ್ತಾರೆ. ಅದು ಜಾಣತನ. ಸಾಂತಾನ ಪೊಟ್ಟಣಕ್ಕೂ ಅಮ್ಮನ ಪೊಟ್ಟಣಕ್ಕೂ ಒಂದೇ ಹೂವಿನ ಕಾಗದ ಕಂಡರೆ ಏಳು ವರ್ಷದವರು ಸುಮ್ನೆ ಬಿಡ್ತಾರಾ? ಕೈಬರಹವನ್ನೂ ಹೋಲಿಸಿ ನೋಡುತ್ತಾರೆ.

ಇನ್ನು ಅಂಗಡಿಯ ಪ್ಯಾಕಿಂಗು. ನಾವು ಸುತ್ತಿದ ಕಾಗದ ಎರಡು ನಿಮಿಷದಲ್ಲಿ ಹೋಗುತ್ತದೆ, ಒಳಗಿನ ಡಬ್ಬಿಯಲ್ಲಿ ಗೊಂಬೆಯ ಕತ್ತು, ಸೊಂಟ, ಕಾಲಿಗೆಲ್ಲ ಬಿಗಿದ ತಂತಿ ಬಿಚ್ಚಲು ಅರ್ಧ ಗಂಟೆ. ಅಷ್ಟು ಹೊತ್ತು ಮಗು ಪಕ್ಕದಲ್ಲಿ ಕುಣಿಯುತ್ತಾ ನಿಂತಿರುತ್ತದೆ. ಇಂಥ ಡಬ್ಬಿಗಳ ಮೇಲಿನ ಸಿಟ್ಟು ಎಷ್ಟಿತ್ತೆಂದರೆ 2008ರಲ್ಲಿ ಅಮೆಜಾನ್ ಸುಲಭವಾಗಿ ತೆರೆಯುವ ಪ್ಯಾಕಿಂಗ್ ಅಂತಲೇ ಬೇರೆ ಶುರು ಮಾಡಿತು. ತಿಳಿದವರು ಹಿಂದಿನ ರಾತ್ರಿಯೇ ತಂತಿ ಕತ್ತರಿಸಿ, ಬ್ಯಾಟರಿ ಹಾಕಿ, ಆಮೇಲೆ ಬಣ್ಣದ ಕಾಗದ ಸುತ್ತುತ್ತಾರೆ. ನಾನು ಕಂಡ ಹಾಗೆ ಈ ವಿಷಯದಲ್ಲಿ ಇದಕ್ಕಿಂತ ಉಪಯೋಗದ ಬುದ್ಧಿಮಾತು ಇಲ್ಲ.

ಸರ್‌ಪ್ರೈಸ್ ಅಂದರೇ ದಿಗಿಲಾಗುವ ಮಕ್ಕಳೂ ಇದ್ದಾರೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಒಳಗೇನಿದೆ ಎಂದು ತಿಳಿಯದಿರುವುದೇ ಹಿಂಸೆ. ಅಂಥ ಮನೆಗಳಲ್ಲಿ ಸುತ್ತದೆಯೇ ಕೊಡುತ್ತಾರೆ, ಇಲ್ಲವೇ ಪೊಟ್ಟಣದ ಮೇಲೆ ಒಳಗಿರುವುದರ ಚಿತ್ರ ಅಂಟಿಸುತ್ತಾರೆ. ಇದನ್ನು ಓದಿದಾಗ ನನಗೆ ಖುಷಿಯಾಯಿತು. ಮಗುವಿಗೆ ಏನು ಬೇಕು ಅಂತ ಮೊದಲು ಕೇಳಿಕೊಂಡು ಕಾಗದ ಕೈಗೆತ್ತಿಕೊಂಡವರು ಇವರೇ.

ಆದರೂ ಭಾವನ ಜೊತೆ ನಾನು ಪೂರ್ತಿ ಹೋಗಲಾರೆ. ಕ್ರಿಸ್ಮಸ್ ಹಿಂದಿನ ರಾತ್ರಿ ನಿದ್ದೆಗೆ ಹೋಗುವ ಮುಂಚೆ ಅಕ್ಕನ ಮಗಳು ಮರದ ಕೆಳಗೆ ಬೋರಲು ಮಲಗಿ, ಒಂದೊಂದೇ ಪೊಟ್ಟಣಕ್ಕೆ ಕಿವಿ ಹಚ್ಚಿ ಅಲ್ಲಾಡಿಸುತ್ತಿದ್ದಳು. "ಇದು ಗಲಗಲ ಅನ್ನುತ್ತೆ, ಚೂರು ಚೂರು ಏನೋ ಇದೆ. ಇದು ಸದ್ದೇ ಮಾಡಲ್ಲ, ಬಟ್ಟೆ ಇರಬೇಕು, ಛೇ" ಅಂತ ತನ್ನಷ್ಟಕ್ಕೆ ವರದಿ ಕೊಡುತ್ತಿದ್ದಳು. ಆ ಒಂದು ಗಂಟೆ ಅವಳಿಗೆ ಸಿಕ್ಕಿದ್ದು ಕಾಗದದಿಂದಲೇ. ಹಾಗೇ ಇಟ್ಟಿದ್ದರೆ ಕಂಡ ಕೂಡಲೇ ಮುಗಿಯುತ್ತಿತ್ತು. ಅಣ್ಣ ತಮ್ಮಂದಿರಿರುವ ಮನೆಯಲ್ಲಿ ಇನ್ನೂ ಒಂದು ಅನುಕೂಲ. ಯಾರಿಗೆ ದೊಡ್ಡದು, ಯಾರಿಗೆ ಒಳ್ಳೆಯದು ಎಂಬ ಲೆಕ್ಕಾಚಾರ ಒಂದು ರಾತ್ರಿಯಾದರೂ ಮುಂದೆ ಹೋಗುತ್ತದೆ.

ಹಾಗಾದರೆ ಬೆಳಿಗ್ಗೆ ಆದದ್ದೇನು?

ಹುಡುಗಿ ಅಮ್ಮ ಹೇಳಿದ ಹಾಗೆ ನಕ್ಕಳು, ಬಿಚ್ಚಿದಳು, ಮತ್ತೆ ನಕ್ಕಳು. ಒಳಗಿದ್ದದ್ದು ಗೊಂಬೆಮನೆ. "ಥ್ಯಾಂಕ್ಯೂ ಅಮ್ಮಾ, ಥ್ಯಾಂಕ್ಯೂ ಅಪ್ಪಾ" ಅಂದಳು. ಆಗ ಭಾವನ ತಂಗಿ ಫೋನು ನೋಡಿಕೊಂಡು, "ಸರಿಯಾಗಿ ಬರಲಿಲ್ಲ, ಇನ್ನೊಂದು ಸಲ" ಅಂದರು. ಹುಡುಗಿ ಒಂದು ಮಾತೂ ಆಡಲಿಲ್ಲ. ಹರಿದ ಕಾಗದವನ್ನು ನೆಲದಿಂದ ಹೆಕ್ಕಿ ಗೊಂಬೆಮನೆಯ ಮೇಲೆ ಹೊದಿಸಿ, ಹರಿದ ಕಡೆ ಕಾಣದಂತೆ ಎಡಗೈಯಲ್ಲಿ ಒತ್ತಿ ಹಿಡಿದುಕೊಂಡಳು. ಫೋನಿನತ್ತ ನೋಡಿದಳು. ಬಲಗೈಯಲ್ಲಿ ಸರ್ರನೆ ಎಳೆದಳು. ಬಾಯಿ ಅಗಲಿಸಿ "ವಾವ್!" ಅಂದಳು. ಮೊದಲಿನದಕ್ಕಿಂತ ಚೆನ್ನಾಗಿ ಬಂತು. ಕುಟುಂಬದ ಗ್ರೂಪಿನಲ್ಲಿ ಎಲ್ಲರೂ ಹೃದಯ ಒತ್ತಿರುವುದು ಈ ಎರಡನೆಯ ವಿಡಿಯೋಗೇ.

ಮಕ್ಕಳ ಮುಖದ ಮೇಲೆ ಈ ಹೊರೆ ಎಷ್ಟು ಬೇಗ ಬೀಳುತ್ತದೆ ಅನ್ನುವುದನ್ನು ಮನಶ್ಶಾಸ್ತ್ರದವರು ನಿಜವಾಗಿಯೂ ಪರೀಕ್ಷಿಸಿ ನೋಡಿದ್ದಾರೆ. ಕ್ಯಾರೊಲಿನ್ ಸಾರ್ನಿ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ಬಹುಮಾನ ಸಿಗುತ್ತದೆ ಅಂದುಕೊಂಡಿದ್ದ ಶಾಲೆಯ ಮಕ್ಕಳ ಕೈಗೆ ಕೂಸುಗಳು ಆಡುವ ಸಪ್ಪೆ ಆಟಿಕೆ ಕೊಟ್ಟರು. ಚಿಕ್ಕ ಮಕ್ಕಳು, ಅದರಲ್ಲೂ ಹುಡುಗರು, ಮುಖ ಸಪ್ಪಗೆ ಮಾಡಿಕೊಂಡರು. ದೊಡ್ಡ ಹುಡುಗಿಯರು ನಗುಮುಖ ತೋರಿಸಿದರು. ಎರಡು ವರ್ಷದ ನಂತರ ಪಮೆಲಾ ಕೋಲ್ ಇನ್ನೂ ಚಿಕ್ಕವರನ್ನು, ಶಾಲೆಗೆ ಸೇರುವ ಮುಂಚಿನ ಹುಡುಗಿಯರನ್ನು ನೋಡಿದರು. ಕೊಟ್ಟವರು ಎದುರಿಗಿದ್ದಾಗ ಅವರೂ ಬೇಸರ ಅಡಗಿಸಿಕೊಂಡರು. ಒಬ್ಬರೇ ಇದ್ದಾಗ ಮುಖದ ಮೇಲೆ ಬೇಸರ ಜಾಸ್ತಿ ಕಂಡಿತು. ಇದನ್ನು ಒಳ್ಳೆಯ ನಡತೆ ಅನ್ನಬಹುದು. ಕೊಟ್ಟವರ ಮನಸ್ಸು ನೋಯಬಾರದು ಅನ್ನುವುದು ಮಕ್ಕಳು ಕಲಿಯಬೇಕಾದ್ದೇ. ಆದರೆ ನಾವು ಕೇಳುತ್ತಿರುವುದು ಅಷ್ಟನ್ನೇ ಅಲ್ವಲ್ಲ. ನೋಯಿಸಬೇಡ ಅನ್ನುವುದು ಬೇರೆ, ನಮಗೆ ತೃಪ್ತಿಯಾಗುವಷ್ಟು ಖುಷಿ ತೋರಿಸು ಅನ್ನುವುದು ಬೇರೆ. ಎರಡನೆಯದು ವಸೂಲಿ.

ಜಪಾನಿನಲ್ಲಿ ಕೊಟ್ಟವರ ಎದುರಿಗೇ ಉಡುಗೊರೆ ಬಿಚ್ಚಬಾರದು ಅನ್ನುವ ಹಳೆಯ ರೂಢಿ ಇದೆ ಅಂತ ಓದಿದಾಗ ಎಂಥ ಬಿಗುಮಾನದ ಜನ ಅಂದುಕೊಂಡಿದ್ದೆ. ಈಗ ಅದರಷ್ಟು ದಯೆಯ ರೂಢಿ ಇನ್ನೊಂದಿಲ್ಲ ಅನಿಸುತ್ತಿದೆ. ಪಡೆದವರಿಗೂ ಬಿಡುವು, ಕೊಟ್ಟವರಿಗೂ ಬಿಡುವು.

ನಾನು ತಂದಿದ್ದ ಗಿಫ್ಟು ಒಂದು ಭೂತಗನ್ನಡಿ. ನನ್ನದೇ ಕೈಯ ಪ್ಯಾಕಿಂಗು, ಒಂದು ಮೂಲೆಯಲ್ಲಿ ಹಿಡಿಕೆ ಆಗಲೇ ಹೊರಗೆ ಇಣುಕುತ್ತಿತ್ತು. ಬೆಳಗಿನ ಗಲಾಟೆಯಲ್ಲಿ ಕೊಡುವುದಾಗಲಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಅವಳ ಕೈಗಿಟ್ಟು ನಾನು ಪುಸ್ತಕ ಹಿಡಿದುಕೊಂಡೆ. ಪುಸ್ತಕದ ಮರೆಯಿಂದ ನೋಡಿದೆ, ಅದು ಬೇರೆ ಮಾತು. ಅವಳು ಬಾಗಿಲ ಹಿಂದೆ ಹೋಗಿ ಕೂತಳು. ಟೇಪನ್ನು ಉಗುರಿನಲ್ಲಿ ಎಬ್ಬಿಸಿದಳು. ಹುಬ್ಬು ಗಂಟಿಕ್ಕಿತ್ತು. ನಾಲಗೆಯ ತುದಿ ತುಟಿಯ ಮೂಲೆಯಲ್ಲಿ ಹೊರಗೆ ಬಂದಿತ್ತು. ಕನ್ನಡಿ ಹೊರಬಂದಾಗ "ವಾವ್" ಅನ್ನಲಿಲ್ಲ. ನಗಲೂ ಇಲ್ಲ. ಕಿತ್ತ ಟೇಪಿಗೆ ಅಂಟಿಕೊಂಡ ಕಾಗದದ ನಾರನ್ನು ಮೊದಲು ನೋಡಿದಳು, ಆಮೇಲೆ ತನ್ನ ಹೆಬ್ಬೆರಳಿನ ಗೆರೆಗಳನ್ನು. ತುಂಬಾ ಹೊತ್ತು ನೋಡಿದಳು. ಫೋಟೋ ತೆಗೆದಿದ್ದರೆ ಯಾರೋ ಬೈದು ಮೂಲೆಯಲ್ಲಿ ಕೂರಿಸಿದ ಮಗುವಿನ ಹಾಗೆ ಕಾಣುತ್ತಿತ್ತು. ಕೊನೆಗೆ ಎದ್ದು ಬಂದು, "ಚಿಕ್ಕಮ್ಮಾ, ನಿಮ್ಮ ಕಿವಿ ನೋಡ್ಲಾ?" ಅಂದಳು. ಥ್ಯಾಂಕ್ಯೂ ಹೇಳಲು ಮರೆತೇ ಹೋಗಿತ್ತು. ನಾನೂ ನೆನಪಿಸಲಿಲ್ಲ.

ಅವತ್ತಿನಿಂದ ನನಗೆ ಎಲ್ಲೆಲ್ಲೂ ಅದೇ ಕಾಣುತ್ತಿದೆ. ಆಫೀಸಿನಲ್ಲಿ ಯಾರದೋ ಬೀಳ್ಕೊಡುಗೆ. "ಬಿಚ್ಚಿ, ಇಲ್ಲೇ ಬಿಚ್ಚಿ" ಅಂತ ಎಲ್ಲರೂ ಸುತ್ತ ನಿಂತು ಕೂಗುತ್ತಾರೆ. ಆತ ಗೋಡೆ ಗಡಿಯಾರವನ್ನು ಎತ್ತಿ ಹಿಡಿದು, ಇಡೀ ಜೀವನ ಇದಕ್ಕೇ ಕಾದಿದ್ದವನ ಹಾಗೆ ಮುಖ ಮಾಡುತ್ತಾನೆ. ಏಳು ವರ್ಷದವಳು ಬಾಯಿಬಿಟ್ಟು ಕೇಳಿದಳು, ನಾವು ಕೇಳದೆ ಅಂದಾಜಿನ ಮೇಲೆ ನಗುತ್ತೇವೆ. ಫೋನು ಬಂದ ಮೇಲೆ ಹೀಗಾಯಿತು ಅನ್ನಲು ನನಗೆ ಧೈರ್ಯವಿಲ್ಲ, ಕೊಟ್ಟವರು ಮುಖ ನೋಡುವುದು ಮೊದಲಿಂದಲೂ ಇದ್ದದ್ದೇ. ಆದರೆ ಆಗ "ಇನ್ನೊಂದು ಸಲ" ಇರಲಿಲ್ಲ.

ಅಕ್ಕನಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಪ್ಯಾಕ್ ಮಾಡು, ಚೆನ್ನಾಗೇ ಮಾಡು, ಬಿಚ್ಚುವಾಗ ಮಾತ್ರ ನಾವೆಲ್ಲ ಬೇರೆ ಏನಾದರೂ ಮಾಡ್ತಾ ಇರೋಣ ಅಂದೆ. "ಹಾಗಾದ್ರೆ ಫೋಟೋನೇ ಬೇಡ್ವಾ?" ಅಂದಳು. ಆಡುತ್ತಾ ಇರುವಾಗ ತೆಗಿ ಅಂದೆ. "ಆಗ ಕೂದಲೆಲ್ಲ ಕೆದರಿರುತ್ತೆ ಕಣೇ" ಅಂದಳು. ಒಪ್ಪಿದ ಹಾಗೆ ಕಾಣಲಿಲ್ಲ, ಆದರೆ ಎರಡನೆಯ ವಿಡಿಯೋ ಮತ್ತೆ ನೋಡಿದೆ ಅಂತ ಮಾರನೆಯ ದಿನ ತಾನಾಗೇ ಹೇಳಿದಳು. ಆಮೇಲೆ ಮಾತು ಬದಲಿಸಿದಳು.

ಭಾವ ಮಾತ್ರ ತಾವೇ ಗೆದ್ದೆವು ಅಂದುಕೊಂಡಿದ್ದಾರೆ. "ನಾನು ಅವತ್ತೇ ಹೇಳಿದ್ನಲ್ಲಾ, ಸುತ್ತೋದೇ ಬೇಡ ಅಂತ" ಅಂತ ಹಿಂದಿನಿಂದ ಕೂಗಿದ್ದು ನನಗೂ ಕೇಳಿಸಿತು. ಮೊದಲ ವಿಡಿಯೋ ಸರಿಯಾಗಿ ಬಾರದೇ ಇದ್ದದ್ದಕ್ಕೆ ಕಾರಣ, ಅಡ್ಡ ಬಂದ ಅವರದೇ ಕೈ. ಅವರೂ ಫೋನು ಹಿಡಿದು ನಿಂತಿದ್ದರು.