ಬೈನಾಕ್ಯುಲರ್ ಕೊಳ್ಳೋ ಮುಂಚೆ ಸಂಜೆ ಹೊತ್ತು ನೋಡಿ

ಮಟಮಟ ಮಧ್ಯಾಹ್ನ ಅಂಗಡಿ ಬಾಗಿಲಲ್ಲಿ ನಿಂತು ನೋಡಿದರೆ ನಾಲ್ಕು ಸಾವಿರದ ಬೈನಾಕ್ಯುಲರೂ ಚೆನ್ನಾಗಿರುತ್ತದೆ, ನಲವತ್ತು ಸಾವಿರದ್ದೂ ಚೆನ್ನಾಗಿರುತ್ತದೆ. "ಎರಡೂ ಒಂದೇ ಥರ ಕಾಣ್ತು, ಜಾಸ್ತಿ ದುಡ್ಡು ಯಾಕೆ ಕೊಡ್ಬೇಕು?" ಅಂತ ಹೊಸದಾಗಿ ಹಕ್ಕಿ ನೋಡಲು ಶುರು ಮಾಡಿದವರು ಕೇಳುತ್ತಲೇ ಇರುತ್ತಾರೆ. ಅವರು ಕಂಡದ್ದು ಸುಳ್ಳಲ್ಲ. ಆದರೆ ಅವರು ನೋಡಿದ್ದು ಲೆನ್ಸಿನ ನಡುಭಾಗವನ್ನು ಮಾತ್ರ.

ಲೆಕ್ಕ ಸುಲಭ. 8×42 ಅಂದರೆ ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಲೆನ್ಸ್ 42 ಮಿ.ಮೀ. ಅಗಲ ಇರುವ ಬೈನಾಕ್ಯುಲರ್. 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿನ ಕಡೆ ಹೊರಬರುವ ಬೆಳಕಿನ ಅಗಲ ಅಷ್ಟು ಮಿ.ಮೀ. ಸುಡುಬಿಸಿಲಲ್ಲಿ ನಮ್ಮ ಕಣ್ಣಿನ ಪಾಪೆ ಎರಡು, ಎರಡೂವರೆ ಮಿ.ಮೀ.ಗೆ ಕುಗ್ಗಿರುತ್ತದೆ, ಉಳಿದ ಬೆಳಕು ಒಳಗೆ ಹೋಗುವುದೇ ಇಲ್ಲ. ಅಂದರೆ ಆಗ ಕೆಲಸ ಮಾಡುವುದು ನಡುವಿನ ಸುಮಾರು 20 ಮಿ.ಮೀ. ಮಾತ್ರ. ಸಂಜೆ ಪಾಪೆ ಅರಳಿದಾಗ ಪೂರ್ತಿ ಲೆನ್ಸು ಲೆಕ್ಕಕ್ಕೆ ಬರುತ್ತದೆ, ಕಳಪೆ ಲೆನ್ಸಿನ ಬಣ್ಣ ಆಗ ಬಯಲಾಗುತ್ತದೆ.

ಎಲ್ಲರೂ ಮೊದಲು ಕೇಳುವುದು "ಶಾರ್ಪ್ ಇದೆಯಾ?" ಅಂತ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಒಳ್ಳೆಯ ಕಣ್ಣು ಸುಮಾರು 60 ಆರ್ಕ್‌ಸೆಕೆಂಡಿನಷ್ಟು (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಒಂದು ಆರ್ಕ್‌ಸೆಕೆಂಡ್) ಸಣ್ಣದನ್ನು ಬಿಡಿಸಿ ನೋಡಬಲ್ಲದು, ಎಂಟು ಪಟ್ಟು ಹಿಗ್ಗಿಸಿದರೆ 7.5 ಆರ್ಕ್‌ಸೆಕೆಂಡ್. 42 ಮಿ.ಮೀ. ಲೆನ್ಸ್ ಸರಿಯಾಗಿದ್ದರೆ 3ಕ್ಕಿಂತ ಸಣ್ಣದನ್ನೂ ಬಿಡಿಸಿ ಕೊಡುತ್ತದೆ. ಅಲ್ಲಿಗೆ ಲೆನ್ಸ್ ಕೊಡುವಷ್ಟನ್ನು ನಮ್ಮ ಕಣ್ಣೇ ತಗೊಳ್ಳಲ್ಲ, ಮೇಲಿಂದ ಕೈ ಬೇರೆ ನಡುಗುತ್ತಿರುತ್ತದೆ. ನಿಜವಾಗಿ ಹೋಲಿಸಬೇಕಿದ್ದರೆ ಎರಡನ್ನೂ ಟ್ರೈಪಾಡ್ ಮೇಲೆ ಕೂರಿಸಿಯೇ ನೋಡಬೇಕು.

ನಾನು ಮೊದಲು ನೋಡುವುದು ಎರಡು ಕೊಳವೆಗಳೂ ಒಂದೇ ಕಡೆ ನೋಡುತ್ತಿವೆಯಾ ಅಂತ. ಸ್ವಲ್ಪ ತಪ್ಪಿದ್ದರೆ ಕಣ್ಣು ಹೇಗೋ ಎಳೆದು ಸರಿ ಮಾಡಿಕೊಳ್ಳುತ್ತದೆ, ಅರ್ಧ ಗಂಟೆ ಆದಮೇಲೆ ತಲೆನೋವು ಬರುತ್ತದೆ, ಕಾರಣ ಮಾತ್ರ ಹೊಳೆಯಲ್ಲ. ದೂರದ ಕರೆಂಟ್ ತಂತಿಯನ್ನು ನೋಡುತ್ತಾ ಬೈನಾಕ್ಯುಲರನ್ನು ಮೆಲ್ಲಗೆ ಕಣ್ಣಿನಿಂದ ಒಂದು ಗೇಣು ದೂರ ತನ್ನಿ. ಎರಡು ವೃತ್ತ ಕಾಣುತ್ತವೆ. ಎರಡರಲ್ಲೂ ತಂತಿ ಒಂದೇ ಎತ್ತರದಲ್ಲಿರಬೇಕು. ರಾತ್ರಿಯಾದರೆ ಇನ್ನೂ ಒಳ್ಳೆಯದು. ಒಂದು ನಕ್ಷತ್ರ ಹಿಡಿದು, ಬಲಗಣ್ಣಿನ ಡಯಾಪ್ಟರ್ (ಒಂದು ಕಣ್ಣಿನ ಫೋಕಸ್ ಮಾತ್ರ ಬದಲಿಸುವ ಬಳೆ) ತಿರುಗಿಸಿ ಆ ಕಡೆಯ ಫೋಕಸ್ ಕೆಡಿಸಿ. ಎಡಗಣ್ಣಿನ ಚುಕ್ಕಿ ಬಲಗಣ್ಣಿನ ಮಸುಕು ಬಿಲ್ಲೆಯ ನಡುವೆ ಕೂರಬೇಕು. ಪಕ್ಕಕ್ಕೆ ಕೊಂಚ ಸರಿದಿದ್ದರೆ ಕಣ್ಣು ತಡೆದುಕೊಳ್ಳುತ್ತದೆ, ಮೇಲೆ ಕೆಳಗೆ ಸರಿದಿದ್ದರೆ ಅದನ್ನು ಕೊಳ್ಳಲೇಬೇಡಿ.

ಆಮೇಲೆ ಎದುರುಬೆಳಕು. ಬೆಲೆಯ ವ್ಯತ್ಯಾಸ ಎದ್ದು ಕಾಣುವುದು ಇಲ್ಲೇ. ಸಂಜೆ ಕೆರೆ ಏರಿ ಮೇಲೆ ನಿಂತು, ಸೂರ್ಯ ಮುಳುಗಿದ ಕೂಡಲೇ ಆ ಆಕಾಶದ ಕೆಳಗಿರುವ ಕಪ್ಪು ಮರಗಳ ಸಾಲನ್ನು ನೋಡಿ (ಸೂರ್ಯ ಇನ್ನೂ ಮೇಲಿದ್ದರೆ ಆ ಕಡೆ ತಿರುಗಿಸಲೇಬೇಡಿ, ಕಣ್ಣು ಹೋಗುತ್ತದೆ). ಒಳ್ಳೆಯದರಲ್ಲಿ ಮರ ಕಪ್ಪಾಗಿಯೇ ಉಳಿದು, ರೆಂಬೆ ಮೇಲೆ ಕೂತ ಹಕ್ಕಿಯ ಆಕಾರ ಸಿಗುತ್ತದೆ. ಕೆಟ್ಟದ್ದರಲ್ಲಿ ನೀರಿಗೆ ಹಾಲು ಕದಡಿದ ಹಾಗೆ ಎಲ್ಲ ಬೆಳ್ಳಗಾಗುತ್ತದೆ. ಕೊಳವೆಯ ಒಳಗೋಡೆಗೆ ಸರಿಯಾಗಿ ಕಪ್ಪು ಬಳಿಯದೆ ಬೆಳಕು ಅಡ್ಡಾದಿಡ್ಡಿ ಓಡಾಡುವುದೇ ಇದಕ್ಕೆ ಮುಖ್ಯ ಕಾರಣ. ಬೈನಾಕ್ಯುಲರನ್ನು ಕೈ ಚಾಚಿ ಆಕಾಶಕ್ಕೆ ಹಿಡಿದು ಐಪೀಸ್ (ಕಣ್ಣಿಗೆ ಇಡುವ ಲೆನ್ಸ್) ಕಡೆಯಿಂದ ನೋಡಿದರೂ ಗೊತ್ತಾಗುತ್ತದೆ. ಬೆಳಕಿನ ಬಿಲ್ಲೆಯ ಸುತ್ತ ಕಪ್ಪಗಿರಬೇಕು, ಬಿಲ್ಲೆ ದುಂಡಗಿರಬೇಕು. ಹಳೆ ಮಾದರಿಯ ಪೋರೋ ಪ್ರಿಸಂ ಬೈನಾಕ್ಯುಲರಿನಲ್ಲಿ (ಮುಂದಿನ ಲೆನ್ಸುಗಳು ಐಪೀಸಿಗಿಂತ ಅಗಲವಾಗಿ ಕೂತಿರುವಂಥದ್ದು) ಬಿಲ್ಲೆಯ ಅಂಚು ಚೌಕಾಕಾರವಾಗಿ ಮಂಕಾಗಿದ್ದರೆ ಒಳಗಿನ ಪ್ರಿಸಂಗೆ (ಬೆಳಕನ್ನು ತಿರುಗಿಸುವ ಗಾಜಿನ ತುಂಡು) ಅಗ್ಗದ ಬಿಕೆ-7 ಗಾಜು ಹಾಕಿದ್ದಾರೆ ಅಂತ ಲೆಕ್ಕ.

ಕೋಟಿಂಗ್ (ಬೆಳಕು ವಾಪಸ್ ಹೋಗದಂತೆ ಗಾಜಿಗೆ ಬಳಿಯುವ ತೆಳು ಪದರ) ನೋಡಲು ಟ್ಯೂಬ್‌ಲೈಟ್ ಸಾಕು. ಕೋಟಿಂಗ್ ಇಲ್ಲದ ಗಾಜಿನ ಒಂದೊಂದು ಮುಖವೂ ಸುಮಾರು 4% ಬೆಳಕನ್ನು ವಾಪಸ್ ಕಳಿಸುತ್ತದೆ. ಅಂಥ ಹತ್ತು ಮುಖ ಇದ್ದರೆ ಮೂರನೇ ಒಂದು ಭಾಗ ಬೆಳಕು ಹೋದ ಹಾಗೆ. ಲೆನ್ಸಿನೊಳಗೆ ಕಾಣುವ ಟ್ಯೂಬ್‌ಲೈಟಿನ ಪ್ರತಿಬಿಂಬಗಳೆಲ್ಲ ಮಂಕು ಹಸಿರೋ ನೇರಳೆಯೋ ಆಗಿರಲಿ. ಒಂದು ಬೆಳ್ಳಗೆ ಹೊಳೆದರೂ ಆ ಮುಖಕ್ಕೆ ಏನೂ ಬಳಿದಿಲ್ಲ. ಕೆಂಪಗೆ ಮಿರಿಮಿರಿ ಮಿಂಚುವ ಲೆನ್ಸ್ ಇರುವುದನ್ನಂತೂ ಮುಟ್ಟಬೇಡಿ, ಅದು ಕೆಂಪು ಬೆಳಕನ್ನು ಆಚೆಗೆ ತಳ್ಳಿ ಹಕ್ಕಿಯ ಬಣ್ಣವನ್ನೇ ಕೆಡಿಸುತ್ತದೆ.

ಬಣ್ಣದ ಮಾತು ಬಂದರೆ ನನಗೆ ಕೊಕ್ಕರೆ ಬೆಳ್ಳೂರಿನ ಬಣ್ಣದ ಕೊಕ್ಕರೆಗಿಂತ ಒಳ್ಳೆ ಪರೀಕ್ಷೆ ಬೇರೆ ಇಲ್ಲ. ಬಿಳಿ ಮೈ, ಬಾಲದ ಹತ್ತಿರ ಗುಲಾಬಿ ಗರಿ. ಬಿಳಿ ಹಳದಿಗೆ ತಿರುಗುತ್ತಾ, ಗುಲಾಬಿ ಗುಲಾಬಿಯಾಗೇ ಇದೆಯಾ, ಆಕಾಶದ ಎದುರು ಕೂತಾಗ ಮೈಯಂಚಿಗೆ ನೇರಳೆ ಗೆರೆ ಹತ್ತುತ್ತಾ, ಮೂರೂ ಒಟ್ಟಿಗೆ ಗೊತ್ತಾಗುತ್ತವೆ. ಕಾಣುವ ವೃತ್ತದ ನಡುವಿನಲ್ಲಿ ನೇರಳೆ ಗೆರೆ ಇರಬಾರದು. ಅಂಚಿನಲ್ಲಿ ಸ್ವಲ್ಪ ಇದ್ದರೆ ನಾನು ತಲೆ ಕೆಡಿಸಿಕೊಳ್ಳಲ್ಲ, ಹಕ್ಕಿಯನ್ನು ನಾವು ನಡುವಿಗೆ ತಂದುಕೊಂಡೇ ನೋಡುವುದು ಅಲ್ವಾ?

ಇನ್ನೊಂದು ಮಾತು. ಗೆಳೆಯರ ಬೈನಾಕ್ಯುಲರ್ ನೋಡಿ ಇಷ್ಟಪಟ್ಟು ಅದೇ ಮಾಡೆಲ್ ತರಿಸಿದರೂ, ಬಂದ ದಿನವೇ ತಂತಿಯ ಪರೀಕ್ಷೆ ಮಾಡಿ. ಅಲೈನ್‌ಮೆಂಟ್ (ಎರಡು ಕೊಳವೆಗಳ ಹೊಂದಿಕೆ) ಒಂದೊಂದು ಪೀಸಿಗೂ ಬೇರೆ ಇರುತ್ತದೆ, ಸಾಗಿಸುವಾಗ ಬಿದ್ದರೂ ಕೆಡುತ್ತದೆ. ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ಅದನ್ನು ಒಂದು ಸಂಜೆಯಾದರೂ ಹೊರಗೆ ಒಯ್ದು ನೋಡಿರಿ.